ಗೋಡೆಯ ಮೇಲಿನ ನೀಲಿ ಗೆರೆ

ಹೋದ ತಿಂಗಳು ನಮ್ಮ ಓಣಿಯ ಹುಡುಗರಿಬ್ಬರು ಮೊಬೈಲಿನಲ್ಲಿ ವಿಡಿಯೋ ನೋಡಿ, ಕಾರಿನ ಹೆಡ್‌ಲೈಟಿನ ಗಾಜು ಬಿಚ್ಚಬೇಕೆಂದು ಅದನ್ನು ದೊಡ್ಡ ಕುಕ್ಕರಿನಲ್ಲಿಟ್ಟು ಬೇಯಿಸಿದರು. ಕುಕ್ಕರು ಅವರ ತಾಯಿಯದು, ಹೆಡ್‌ಲೈಟು ಅವರ ಸೋದರಮಾವನದು. ಎರಡೂ ಈಗ ಉಪಯೋಗಕ್ಕಿಲ್ಲ. ಆ ತಾಯಿ ಕುಕ್ಕರನ್ನು ಕೈಯಲ್ಲಿ ಹಿಡಿದುಕೊಂಡು ನೇರವಾಗಿ ನಮ್ಮ ಮನೆಗೆ ಬಂದಳು.

"ಇಮಾಮಭಾಯಿ, ಊರಿಗೆ ಈ ಹುಚ್ಚು ಹಚ್ಚಿದವ್ರು ನೀವ ಅಲ್ಲೇನ್ರಿ?"

ಹೌದು ಎನ್ನಬೇಕಾಯಿತು. ಅಣ್ಣಿಗೇರಿಯಲ್ಲಿ ಕಾರಿನ ದೀಪಕ್ಕೆ ಏನೇ ಆದರೂ ಅದರ ದೂರು ನನ್ನ ಬಾಗಿಲಿಗೇ ಬಂದು ನಿಲ್ಲುತ್ತದೆ. ನಾನು ಕೆಲಸ ಬಿಟ್ಟ ಮೇಲೂ ದೂರು ಬರುವುದು ಬಿಟ್ಟಿಲ್ಲ. ಅದಕ್ಕೇ, ಈ ಕಸುಬಿಗೆ ಕೈಹಾಕುವವರು ಕುಕ್ಕರು ಒಲೆಗೆ ಇಡುವ ಮೊದಲು ಓದಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಕಸುಬು ಮನೆಯಲ್ಲೇ ಕೂತು ಕಾರಿನ ಹೆಡ್‌ಲೈಟು ಕಟ್ಟುವುದು. ಹೊಸ ದೀಪ ಮಾರುವುದು ಬೇರೆ ಕಸುಬು, ಅದಕ್ಕೆ ಅಂಗಡಿ ಬೇಕು, ಗಾಜಿನ ಬಾಗಿಲು ಬೇಕು. ಕಂಪನಿಯ ದೀಪದ ಬೆಲೆ ಕೇಳಿ ಕೂಡಲು ಕುರ್ಚಿ ಹುಡುಕಿದವರು ನನ್ನಲ್ಲಿಗೆ ಬರುತ್ತಿದ್ದರು. ಒಡೆದದ್ದು, ಹಳದಿಯಾದದ್ದು, ಬೆಳಕು ಸಾಲದ್ದು, ಎಲ್ಲ ಬರುತ್ತಿತ್ತು. ನಾನು ಅದರ ಗಾಜು ಬಿಚ್ಚಿ, ಒಳಗೆ ಗುಜರಿಯಿಂದ ತಂದ ಇನ್ನೊಂದು ಕಾರಿನ ಕರುಳು ಕೂಡಿಸಿ, ಗೋಂದು ಹಾಕಿ ಮುಚ್ಚಿ ಕೊಡುತ್ತಿದ್ದೆ. ಕೆಲಸ ಇಷ್ಟೇ. ಇಷ್ಟರಲ್ಲಿ ಎಷ್ಟು ತಪ್ಪು ಮಾಡಬಹುದು ಎಂಬುದನ್ನು ಕಲಿಯಲು ಒಂದು ಆಯುಷ್ಯ ಹಿಡಿಯಿತು.

ವೈರಿನ ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ, ಲಾರಿಗಳ ವೈರಿಂಗ್ ಮಾಡುವ ಒಬ್ಬ ಉಸ್ತಾದರ ಕೈಕೆಳಗೆ. ಅವರು ಮಾತು ಕಡಿಮೆ, ಬೀಡಿ ಜಾಸ್ತಿ. ದೀಪ ಹತ್ತಲಿಲ್ಲ ಎಂದು ಯಾರೇ ಬಂದರೂ ಅವರು ತಲೆಯೆತ್ತದೆ, "ಅರ್ಥಿಂಗ್ ನೋಡಿದಿ?" ಎನ್ನುತ್ತಿದ್ದರು. ಹಾರ್ನ್ ಕೂಗದಿದ್ದರೂ ಅದೇ ಮಾತು. ನನ್ನ ಮದುವೆ ಗೊತ್ತಾಯಿತು ಎಂದು ಮಿಠಾಯಿ ಕೊಡಲು ಹೋದಾಗಲೂ ಮಿಠಾಯಿ ತಿನ್ನುತ್ತ ಅದನ್ನೇ ಕೇಳಿದರು. ಅವರಿಂದ ನಾನು ಕಲಿತದ್ದು ಅದೊಂದೇ ಪಾಠ. ದೋಷ ಕಾಣುವ ಕಡೆ ಇರುವುದಿಲ್ಲ, ತಂತಿ ಮಣ್ಣು ಮುಟ್ಟುವ ಕಡೆ ಇರುತ್ತದೆ. ಪಾಠ ಒಳ್ಳೆಯದೇ. ಅದನ್ನು ಎಲ್ಲಿ ಉಪಯೋಗಿಸಬೇಕೆಂದು ಮಾತ್ರ ಅವರು ಹೇಳಲಿಲ್ಲ.

ಅಣ್ಣಿಗೇರಿಗೆ ವಾಪಸ್ಸು ಬಂದು ಮನೆಯ ಪಡಸಾಲೆಯಲ್ಲಿ ಕೆಲಸ ಶುರು ಮಾಡಿದಾಗ ಮೊದಲು ಎದುರಾದದ್ದು ಗೋಂದಿನ ಪ್ರಶ್ನೆ. ಹೆಡ್‌ಲೈಟಿನ ಗಾಜನ್ನು ಕಂಪನಿಯವರು ಒಂದು ಕರೀ ಗೋಂದಿನಿಂದ ಅಂಟಿಸಿರುತ್ತಾರೆ. ಅದು ಬಿಸಿಯಾದರೆ ಮಾತ್ರ ಬಿಡುತ್ತದೆ. ಕಡಿಮೆ ಬಿಸಿಯಾದರೆ ಬಿಡುವುದಿಲ್ಲ, ಹೆಚ್ಚು ಬಿಸಿಯಾದರೆ ದೀಪವೇ ಉಳಿಯುವುದಿಲ್ಲ. ನಾನು ಮೊದಲು ಬಚ್ಚಲ ಹಂಡೆಯ ಬಿಸಿನೀರು ಸುರಿದು ನೋಡಿದೆ. ಗೋಂದು ಬಿಡಲಿಲ್ಲ, ಮನೆಯಲ್ಲಿ ಯಾರಿಗೂ ಸ್ನಾನವಾಗಲಿಲ್ಲ. ಆಮೇಲೆ ಬೇಕರಿ ರಾಚಪ್ಪನನ್ನು ಹಿಡಿದೆ. ಅವನ ಭಟ್ಟಿಯಲ್ಲಿ ಬನ್ನು ತೆಗೆದ ಮೇಲೆ ಉಳಿಯುವ ಕಾವು ದೀಪಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಅಂಗಡಿಯ ಮುಂದೆ ಕಾಯುವ ಗಿರಾಕಿ ಎರಡು ಬನ್ನು ತಿನ್ನುತ್ತಾನೆ ಎಂಬ ಲೆಕ್ಕದಲ್ಲಿ ರಾಚಪ್ಪನೂ ಒಪ್ಪಿದ.

ಒಂದು ದಿನ ಮಿಶ್ರಿಕೋಟಿಯ ಗಿರಾಕಿಯೊಬ್ಬನ ದೀಪ ಒಳಗಿತ್ತು. ರಾಚಪ್ಪ ಅದನ್ನು ಮರೆತು ಟೋಸ್ಟಿಗೆಂದು ಭಟ್ಟಿಗೆ ಮತ್ತೆ ಬೆಂಕಿ ಹಾಕಿದ. ವಾಸನೆ ಬಂದಾಗ ನಾವಿಬ್ಬರೂ ಒಳಗೆ ಓಡಿದೆವು. ದೀಪ ಹೋಳಿಗೆಯ ಹಾಗೆ ತಟ್ಟೆಯ ಮೇಲೆ ಹರಡಿಕೊಂಡಿತ್ತು. ಹೊರಗೆ ಬನ್ನು ತಿನ್ನುತ್ತಿದ್ದ ಗಿರಾಕಿ ಕೇಳಿದ.

"ದೀಪ ಆತೇನ್ರಿ?"

"ಆತ್ರಿ," ಎಂದ ರಾಚಪ್ಪ. "ಸ್ವಲ್ಪ ಜಾಸ್ತಿ ಆಗೇತಿ."

ಆ ವಾರ ಊರಿನ ಟೋಸ್ಟೆಲ್ಲ ಟೈರಿನ ವಾಸನೆ ಹೊಡೆಯಿತು. ಭಟ್ಟಿಯ ಬಾಗಿಲು ನನಗೆ ಮುಚ್ಚಿತು. ಕೊನೆಗೆ ನಾನು ಹೆಂಡತಿ ಖೈರುನ್‌ಳ ತವರಿನ ಕಬ್ಬಿಣದ ಟ್ರಂಕಿಗೆ ತೂತು ಕೊರೆದು, ಒಳಗೆ ದೊಡ್ಡ ಬಲ್ಬುಗಳನ್ನು ಕೂಡಿಸಿ, ಸಣ್ಣ ಭಟ್ಟಿ ಮಾಡಿಕೊಂಡೆ. ಕೊನೆಯವರೆಗೂ ಅದರಲ್ಲೇ ಕೆಲಸ ಮಾಡಿದೆ. ಮನೆಯಲ್ಲಿ ನಾವು ಉರ್ದು ಮಾತಾಡುತ್ತೇವೆ, ಸಿಟ್ಟು ಬಂದಾಗ ಮಾತ್ರ ಖೈರುನ್ ಕನ್ನಡಕ್ಕೆ ಬರುತ್ತಾಳೆ. ಟ್ರಂಕಿನ ವಿಷಯ ನಮ್ಮಲ್ಲಿ ಇಂದಿಗೂ ಕನ್ನಡದಲ್ಲೇ ನಡೆಯುತ್ತದೆ.

ನಾನು ಶುರು ಮಾಡಿದಾಗ ದೀಪಗಳು ದುಂಡಗಿದ್ದವು, ಗಾಜಿನವು. ಆಮೇಲೆ ಪ್ಲಾಸ್ಟಿಕ್ಕು ಬಂತು. ಅದು ನಾಲ್ಕು ಬೇಸಿಗೆ ಕಂಡರೆ ಹಳದಿಗಟ್ಟುತ್ತದೆ. ಹಲ್ಲುಜ್ಜುವ ಪೇಸ್ಟು ಹಚ್ಚಿ ಉಜ್ಜಿದರೆ ಸ್ವಲ್ಪ ತಿಳಿಯಾಗುತ್ತದೆ ಎಂದು ಬಮ್ಮಿಗಟ್ಟಿಯ ಒಬ್ಬ ರೈತನಿಗೆ ಫೋನಿನಲ್ಲಿ ಹೇಳಿದ್ದೆ. ಅವನ ಮನೆಯಲ್ಲಿ ಪೇಸ್ಟು ಮುಗಿದಿತ್ತಂತೆ, ರಂಗೋಲಿ ಪುಡಿ ಹಾಕಿ ಉಜ್ಜಿದ. ದೀಪ ಬಚ್ಚಲಮನೆಯ ಕಿಟಕಿಯ ಗಾಜಿನಂತಾಯಿತು. ಆಮೇಲೆ ಫ್ಯಾನು ಇರುವ ಎಲ್‌ಇಡಿ ಬಂತು. ನಮ್ಮ ಎರೆಭೂಮಿಯ ಧೂಳು ಆ ಫ್ಯಾನುಗಳನ್ನು ಒಂದು ಸುಗ್ಗಿಯಲ್ಲಿ ಮುಗಿಸುತ್ತಿತ್ತು. ಗಾಳಿಯಾಡುವ ಸಣ್ಣ ತೂತನ್ನು ನಾನು ಅತಿ ಬುದ್ಧಿವಂತಿಕೆಯಿಂದ ಗೋಂದು ಹಾಕಿ ಮುಚ್ಚಿದ ಒಂದು ದೀಪ, ಮಳೆಗಾಲದಲ್ಲಿ ಒಳಗೇ ಬೆವೆತು ಅರ್ಧ ನೀರು ತುಂಬಿಕೊಂಡಿತು. ಅದರ ಯಜಮಾನ ಅದನ್ನು ತಂದು ನನ್ನ ಮುಂದಿಟ್ಟು, ಮೀನು ಯಾವಾಗ ಬಿಡುತ್ತೀರಿ ಎಂದು ಕೇಳಿದ. ತೂತು ಮುಚ್ಚಬೇಡಿ.

ಕುಬಿಹಾಳದ ಒಬ್ಬ ತರುಣ, ದೀಪದ ಒಳಗೆ ಕೆಂಪು ಉಂಗುರ ಹತ್ತಬೇಕು, ದೆವ್ವದ ಕಣ್ಣಿನ ಹಾಗೆ ಕಾಣಬೇಕು ಎಂದು ಹಟ ಹಿಡಿದ. ಮಾಡಿಕೊಟ್ಟೆ. ಕೆಲಸ ಚೆನ್ನಾಗಿಯೇ ಆಗಿತ್ತು. ಸಂಜೆ ಊರು ಮುಟ್ಟಿದಾಗ ಎದುರಿಗೆ ಅವನ ಕಾಕಾನ ಚಕ್ಕಡಿ ಬಂತು. ಎತ್ತುಗಳು ಆ ಕಣ್ಣುಗಳನ್ನು ಒಂದು ಸಲ ನೋಡಿ, ಕಾಕಾ ಮತ್ತು ಚಕ್ಕಡಿ ಸಮೇತ ಹತ್ತಿ ಹೊಲಕ್ಕೆ ಇಳಿದವು. ಮರುದಿನ ಕಾಕಾ ತಾನೇ ಕಾರಿನಲ್ಲಿ ಕೂತು ಬಂದ. "ದೆವ್ವ ಬಿಡಿಸ್ರಿ" ಎಂದ. ಬಿಡಿಸಿದೆ. ದೆವ್ವ ಬಿಡಿಸಿದ್ದಕ್ಕೆ ಗಿರಾಕಿಯೊಬ್ಬ ನನಗೆ ಹಣ ಕೊಟ್ಟದ್ದು ಅದೇ ಮೊದಲು.

ಇನ್ನು ಗೆರೆಯ ವಿಷಯ. ಹುಡುಗರು ಇದನ್ನು ಗಮನವಿಟ್ಟು ಓದಬೇಕು.

ದೀಪ ಕಟ್ಟುವುದು ಅರ್ಧ ಕೆಲಸ, ಅದನ್ನು ನೆಲಕ್ಕೆ ಬಗ್ಗಿಸುವುದು ಉಳಿದರ್ಧ. ಬೆಳಕು ರಸ್ತೆಯ ಮೇಲೆ ಬೀಳಬೇಕು, ಎದುರಿಗೆ ಬರುವವನ ಕಣ್ಣಿಗಲ್ಲ. ನಮ್ಮ ಮನೆಯ ಅಂಗಳದ ಎದುರಿಗೆ ಒಂದು ಹತ್ತಿ ಗೋದಾಮಿನ ಹಿಂದಿನ ಗೋಡೆಯಿದೆ. ಉದ್ದನೆಯದು, ಬಿಳಿಯದು. ಗೌಂಡಿಗಳ ಹಾಗೆ ನೂಲಿಗೆ ನೀಲಿ ಹಚ್ಚಿ ಮೀಟಿ, ನಾನು ಅದರ ಮೇಲೆ ಅಡ್ಡ ಗೆರೆ ಎಳೆಯುತ್ತಿದ್ದೆ. ಸಂಜೆ ಸ್ವಲ್ಪ ಕತ್ತಲಾದ ಮೇಲೆ ಕಾರನ್ನು ಅಂಗಳದ ಫರಸಿಕಲ್ಲುಗಳ ಮೇಲೆ ನಿಲ್ಲಿಸಿ, ಬೆಳಕಿನ ಮೇಲಂಚು ಆ ಗೆರೆಯ ಮೇಲೆ ಕೂಡುವ ಹಾಗೆ ಸ್ಕ್ರೂ ತಿರುಗಿಸುವುದು. ಕಾರಿನ ಯಜಮಾನ ತನ್ನ ಸೀಟಿನಲ್ಲೇ ಕೂಡಬೇಕು, ಅವನ ಭಾರಕ್ಕೆ ಕಾರು ಎಷ್ಟು ಬಾಗುತ್ತದೋ ಅಷ್ಟು ಬಾಗಿರಬೇಕಲ್ಲ. ನಾನು ದೀಪದ ಮುಂದೆ ಕುಕ್ಕರುಗಾಲಿನಲ್ಲಿ ಕೂಡುತ್ತಿದ್ದೆ. ನನ್ನ ಮುಖ ದೀಪಕ್ಕೆ, ಬೆನ್ನು ಗೋಡೆಗೆ. ಹೀಗಾಗಿ ಗೆರೆ ನೋಡಿ ಹೇಳುವವನು ಸೀಟಿನಲ್ಲಿ ಕೂತವನೇ. "ಮ್ಯಾಲ, ಇನ್ನ ಮ್ಯಾಲ, ಕೆಳಗ ಸ್ವಲ್ಪ, ಬಸ್, ಕುಂತತಿ." ಇದು ನಮ್ಮ ಅಂಗಳದ ಪದ್ಧತಿ.

ಈ ಪದ್ಧತಿಯಲ್ಲಿ ಒಂದೇ ದೋಷವಿತ್ತು, ಅದು ಮಣ್ಣಿನದು. ಒಂದು ಬೇಸಿಗೆಯಲ್ಲಿ ಬಸ್ ಡ್ರೈವರೊಬ್ಬ ಬಂದು, "ನಿಮ್ಮ ಊರಿನ ಗಾಡಿಗೋಳು ರಸ್ತಾ ನೋಡವಲ್ವು, ಬೇವಿನ ಗಿಡದಾಗಿನ ಗುಬ್ಬಿಗೂಡು ನೋಡಾಕತ್ಯಾವು. ನಮ್ಮ ಕಣ್ಣು ಹ್ವಾದ್ವು" ಎಂದು ಬೈದು ಹೋದ. ನಾನು ಸ್ಕ್ರೂಗಳನ್ನು ಬೈದೆ, ಗುಜರಿಯವನನ್ನು ಬೈದೆ. ಕಡೆಗೆ ಒಂದು ಮುಂಜಾನೆ ಅಂಗಳದ ಬಿರುಕಿನಲ್ಲಿ ನನ್ನ ಸ್ಪ್ಯಾನರು ಬಿದ್ದು ಮಾಯವಾದಾಗ ತಿಳಿಯಿತು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಗೋಡೆಗೆ ಆಳವಾದ ಪಾಯವಿದೆ, ಅದು ನಿಂತಲ್ಲೇ ನಿಲ್ಲುತ್ತದೆ. ಅಂಗಳ ಮಾತ್ರ ಫರಸಿ ಸಮೇತ ಕೆಳಗಿಳಿದಿತ್ತು. ಕಾರು ಕೆಳಗೆ, ಗೆರೆ ಮೇಲೆ. ನಾನು ಒಂದು ಮದುವೆ ಸುಗ್ಗಿಯ ಎಲ್ಲ ಗಾಡಿಗಳ ದೀಪಗಳನ್ನೂ ಆಕಾಶಕ್ಕೆ ಎತ್ತಿ ಕಳಿಸಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ನೆಲ ನಿಜವಾಗಿಯೂ ಡೊಂಕಿತ್ತು, ಆದರೆ ಹೇಳಿದರೆ ಯಾರು ನಂಬುತ್ತಾರೆ?

ಅಂದಿನಿಂದ ತಿಳಿ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದು, ಋತುವಿಗೊಂದು ಸಲ ಗೆರೆಯನ್ನು ಹೊಸದಾಗಿ ಎಳೆದೆ. ನಮ್ಮ ಕಡೆ ಈ ಕೆಲಸ ಮಾಡುವವರು ಮೊದಲು ಮಣ್ಣನ್ನು ನೋಡಿಕೊಳ್ಳಿ.

ಈಗ ಫಕ್ಕೀರಪ್ಪನ ವಿಷಯಕ್ಕೆ ಬರುತ್ತೇನೆ. ಅವನು ನನ್ನ ಹಳೆಯ ಗಿರಾಕಿ, ಗೆಳೆಯ. ಅವನದೊಂದು ಹಳೇ ಜೀಪು. ಮೆಣಸಿನಕಾಯಿ ಬಿಡಿಸುವ, ಹತ್ತಿಕಟ್ಟಿಗೆ ಕೀಳುವ ಹೆಣ್ಣಾಳುಗಳನ್ನು ಮುಂಜಾನೆ ಹೊಲಗಳಿಗೆ ಒಯ್ದು, ಹೊತ್ತು ಮುಳುಗಿದ ಮೇಲೆ ಮನೆಗೆ ತಂದು ಬಿಡುವುದು ಅವನ ದುಡಿಮೆ. ಜೀಪಿನ ಹಿಂದೆ ಅವರು ಒತ್ತಿ ಕೂತಿರುತ್ತಾರೆ, ಕೆಲವರ ತೊಡೆಯ ಮೇಲೆ ಕೂಸು. ಕಾಲುವೆಯ ಬದಿಯ ರಸ್ತೆ, ಒಂದು ಕಡೆ ನೀರು, ತಡೆಗೋಡೆ ಇಲ್ಲ.

ಫಕ್ಕೀರಪ್ಪ ನನ್ನನ್ನು ಹೊಗಳಿದಷ್ಟು ಇನ್ನಾರೂ ಹೊಗಳಿಲ್ಲ. ಚಹಾದಂಗಡಿಯಲ್ಲಿ ಕೂತು, "ಇಮಾಮನ ಕೈಯಾಗ ಬೆಳಕು ಹುಟ್ಟತೈತಿ" ಎನ್ನುತ್ತಿದ್ದ. ಹೊಗಳಿಕೆ ಯಾರಿಗೆ ಬೇಡ? ಅವನು ಬಂದರೆ ಬೇರೆ ಕೆಲಸ ಬದಿಗಿಡುತ್ತಿದ್ದೆ. ಆದರೆ ಕೆಲವು ವರ್ಷಗಳಿಂದ ಅವನ ಒಂದು ದೂರು ಶುರುವಾಗಿತ್ತು.

"ಇಮಾಮ, ದೀಪ ಮಂದ ಆಗ್ಯಾವ ನೋಡು."

ನಾನು ಉಸ್ತಾದರ ಶಿಷ್ಯ, ಅರ್ಥಿಂಗ್ ನೋಡಿದೆ. ಸರಿಯಾಗಿತ್ತು. ಬ್ಯಾಟರಿ ನೋಡಿದೆ, ಅದೂ ಸರಿ. ದೊಡ್ಡ ಬಲ್ಬು ಹಾಕಿಕೊಟ್ಟೆ. ಕುಣಿದಾಡಿ ಹೋದ. ಮುಂದಿನ ಸುಗ್ಗಿಗೆ ಮತ್ತೆ ಬಂದ, ಮಂದ ಆಗ್ಯಾವ ಎಂದ. ರಿಲೇ ಹಾಕಿ ದಪ್ಪ ವೈರು ಎಳೆದೆ. ಮತ್ತೆ ಬಂದ. ದುಂಡು ದೀಪವನ್ನೇ ಕಿತ್ತು, ಒಂದು ದೊಡ್ಡ ಕಾರಿನ ಭೂತಗನ್ನಡಿಯ ದೀಪ ಕೂಡಿಸಿದೆ. ಹಾಗೆ ಮಾಡಿದ ದೀಪದ ಬೆಳಕಿನಲ್ಲಿ ಕಾಲುವೆಯ ಆಚೆ ದಂಡೆಯ ಮೇಲಿನ ಕೊಕ್ಕರೆಗಳು ಎಣಿಸುವ ಹಾಗೆ ಕಾಣುತ್ತಿದ್ದವು. ಪ್ರತಿ ಸಲವೂ ಗೋಡೆಗೆ ಹಚ್ಚಿದಾಗ, "ಬಸ್, ಗೆರಿ ಮ್ಯಾಲ ಅಗದಿ ಬರೋಬರಿ ಕುಂತತಿ" ಎನ್ನುತ್ತಿದ್ದ. ನಾನು ತಿರುಗಿ ನೋಡುತ್ತಿದ್ದೆ, ನನಗೂ ಬರೋಬರಿಯೇ ಅನ್ನಿಸುತ್ತಿತ್ತು. ಗೆಳೆಯರ ನಡುವೆ ಅಷ್ಟಕ್ಕೇ ಕೆಲಸ ಮುಗಿಯುತ್ತಿತ್ತು.

ಯುಗಾದಿಯ ಹಿಂದಿನ ವಾರ ಅವನು ಬಲಗಡೆಯ ದೀಪ ಪುಡಿಮಾಡಿಕೊಂಡು ಬಂದ. ಕಾಲುವೆಯ ಬದಿಯ ಗಡಿಕಲ್ಲಿಗೆ ತಾಗಿಸಿದ್ದ. ಜೀಪಿನಿಂದ ದ್ಯಾಮವ್ವ ಎಂಬ ಹೆಣ್ಣಾಳು ಕೂಡ ಇಳಿದಳು, ಮೊಣಕೈಗೆ ಸೀರೆಯ ತುಂಡು ಸುತ್ತಿಕೊಂಡಿದ್ದಳು.

"ಕಲ್ಲು ರಸ್ತಾದಾಗ ಬಂದಿತ್ತು," ಎಂದ ಫಕ್ಕೀರಪ್ಪ.

"ಕಲ್ಲು ನನ್ನ ಲಗ್ನಕ್ಕಿಂತ ಮೊದ್ಲಿಂದ ಅಲ್ಲೇ ಐತ್ರಿ," ಎಂದಳು ದ್ಯಾಮವ್ವ. "ಈ ಮನಶ್ಯಾಗ ಇನ್ನೊಂದು ಚೂರು ಬೆಳಕು ಹಾಕಿಕೊಡ್ರಿ ಇಮಾಮಭಾಯಿ. ಕಲ್ಲು ಇಲ್ಲದಿದ್ರ ನಾವು ನೀರಾಗ ಇರತಿದ್ವಿ."

ಹಾಕಿಕೊಟ್ಟೆ. ಬಲಗಡೆಗೆ ಹೊಸದಾಗಿ ಒಂದು ದೀಪ ಕಟ್ಟಿದೆ, ಎಡಗಡೆಯ ಹಳೆಯದಕ್ಕೆ ಗಾಜು ಬಿಚ್ಚದೆಯೇ ದೊಡ್ಡ ಬಲ್ಬು ಹಾಕಿ ಅದರ ಸರಿಗೆ ತಂದೆ. ಸಂಜೆ ಜೀಪನ್ನು ಫರಸಿಯ ಮೇಲೆ ತಂದು ಹಚ್ಚಿದೆವು. ಅವನು ಸೀಟಿನಲ್ಲಿ ಕೂತ, ನಾನು ಗೋಡೆಗೆ ಬೆನ್ನು ಮಾಡಿ ಕುಕ್ಕರುಗಾಲಿನಲ್ಲಿ ಕೂತೆ.

"ಮ್ಯಾಲ," ಎಂದ. "ಇನ್ನ ಸ್ವಲ್ಪ. ಹಾಂ. ಬಸ್. ಗೆರಿ ಮ್ಯಾಲ ಕುಂತತಿ ನೋಡು, ಅಗದಿ ಬರೋಬರಿ."

ತಿರುಗಿ ನೋಡಿದೆ. ನನಗೆ ಗೆರೆ ಕಾಣಲಿಲ್ಲ. ಎದ್ದು ಗೋಡೆಯ ತನಕ ನಡೆದು ಹೋಗಿ ಕೈಯಿಟ್ಟೆ. ಅಂಗೈಗೆ ಹಸಿ ಸುಣ್ಣ ಹತ್ತಿತು. ಗೋದಾಮಿನವರು ಹಬ್ಬಕ್ಕೆಂದು ಆ ಮಧ್ಯಾಹ್ನವೇ ಗೋಡೆಗೆ ಸುಣ್ಣ ಬಳಿದಿದ್ದರು. ನಾನು ಒಳಗೆ ಗೋಂದಿನ ಕೆಲಸದಲ್ಲಿದ್ದವನು ಗಮನಿಸಿರಲಿಲ್ಲ. ಗೋಡೆಯ ಮೇಲೆ ಗೆರೆಯೇ ಇರಲಿಲ್ಲ.

ಅಲ್ಲಿಂದಲೇ ಕೇಳಿದೆ. "ಫಕ್ಕೀರಪ್ಪಾ, ಗೆರಿ ಚಂದಂಗ ಕಾಣತೈತೇನು?"

"ನೀಲಿ ಗೆರಿ ಕಾಣದೇನ? ಅಷ್ಟು ದಪ್ಪ ಎಳದೀ."

ನನಗೆ ಹೆದರಿಕೆಯಾಯಿತು. ಅವನಿಗಾಗಿ ಅಲ್ಲ, ಮೊದಲು ನೆನಪಾದದ್ದು ದ್ಯಾಮವ್ವನ ಮೊಣಕೈ, ಆಮೇಲೆ ಆ ಕೂಸುಗಳು. ಇಷ್ಟು ವರ್ಷ ನಾನು ಬೆಳಕು ಹೆಚ್ಚಿಸಿದಂತೆಲ್ಲ ಅವನು ಇನ್ನಷ್ಟು ಧೈರ್ಯದಿಂದ ಕಾಣದ ರಸ್ತೆಯಲ್ಲಿ ಗಾಡಿ ಓಡಿಸಿದ್ದ. ದೀಪಗಳು ಎಂದೂ ಮಂದವಾಗಿರಲಿಲ್ಲ.

ಬಾಯಿಬಿಟ್ಟು ಹೇಳಿದರೆ ಅವನು ಕೇಳುವವನಲ್ಲ. ಕಣ್ಣಿನ ಮಾತು ತೆಗೆದರೆ ಡ್ರೈವರಿಗೆ ಜಾತಿ ಎತ್ತಿ ಬೈದಷ್ಟು ಸಿಟ್ಟು ಬರುತ್ತದೆ. ನಾನು ಹಿಂದೆ ಬಂದು, ಏನೂ ಆಗದವನ ಹಾಗೆ ಎರಡೂ ದೀಪಗಳನ್ನು ಬಿಚ್ಚಿಕೊಂಡೆ.

"ಯಾಕಲೇ ಬಿಚ್ಚಾಕತ್ತಿ?"

"ಗೋಂದು ಒಣಗಿಲ್ಲ."

ಕಸುಬಿನವರು ಹೇಳಿದ ದಿನಕ್ಕೆ ಕೆಲಸ ಕೊಡುವುದಿಲ್ಲ ಎಂಬುದು ಲೋಕಕ್ಕೇ ಗೊತ್ತು. ಆ ಕೆಟ್ಟ ಹೆಸರು ನನಗೆ ಅಂದು ಉಪಯೋಗಕ್ಕೆ ಬಂತು. ಫಕ್ಕೀರಪ್ಪ ಗೊಣಗುತ್ತ, ಪೂರ್ತಿ ಕತ್ತಲಾಗುವ ಮೊದಲೇ ಮನೆಗೆ ಹೋದ. ದೀಪವಿಲ್ಲದ ಜೀಪು ಹೊತ್ತು ಮುಳುಗಿದ ಮೇಲೆ ಹೊರಬೀಳುವುದಿಲ್ಲ. ನನಗೆ ಬೇಕಾದದ್ದು ಅದೇ.

ಮೂರು ದಿನ ಬಿಟ್ಟು ಬಂದ. ಗೋಂದು ಒಣಗಿಲ್ಲ ಎಂದೆ. ಮುಂದಿನ ವಾರ ಬಂದ. ಅದೇ ಮಾತು. ಹೆಣ್ಣಾಳುಗಳು ಹೊತ್ತಿರುತ್ತಲೇ ಮನೆ ಮುಟ್ಟುತ್ತಿದ್ದರು, ಅವರಿಗೆ ಖುಷಿಯೇ. ಆದರೆ ಸಂಜೆಯ ಮದುವೆ ಬಾಡಿಗೆಗಳು ಅವನ ಕೈತಪ್ಪುತ್ತಿದ್ದವು. ಹೊರಗೆ ಹೆಂಚು ಕಾದ ಹಾಗೆ ಬಿಸಿಲು ಕಾಯುತ್ತಿತ್ತು, ಸಂಡಿಗೆ ಅರ್ಧ ದಿನದಲ್ಲಿ ಒಣಗುತ್ತಿತ್ತು.

"ಎಂಥಾ ಗೋಂದಲೇ ಅದು?" ಎಂದು ಕೂಗಿದ.

"ಹವಾ ಥಂಡಿ ಐತಿ," ಎಂದೆ.

ಅವನು ಬೆವರು ಒರೆಸಿಕೊಳ್ಳುತ್ತ ನನ್ನನ್ನು ನೋಡಿದ. ಪಡಸಾಲೆಯ ಬಾಗಿಲಲ್ಲಿ ಖೈರುನ್ ನಿಂತಿದ್ದಳು. ಅವಳಿಗೆ ನಾನು ಎಲ್ಲ ಹೇಳಿದ್ದೆ, ಸುಮ್ಮನಿರು ಎಂದೂ ಹೇಳಿದ್ದೆ. ಅವಳು ಕನ್ನಡಕ್ಕೆ ಬಂದಳು.

"ಗೋಂದು ಎಂದೋ ಒಣಗೇತ್ರಿ. ಆ ದಿನ ಗ್ವಾಡಿ ಮ್ಯಾಲ ಗೆರಿ ಇದ್ದಿದ್ದಿಲ್ಲ, ಸುಣ್ಣ ಬಳದಿದ್ರು. ಇಲ್ಲದ್ದು ನಿಮಗ ಕಾಣ್ತು. ಇದ್ದ ಕಲ್ಲು ಕಾಣಲಿಲ್ಲ. ಕಣ್ಣ ಪೊರಿ ತೆಗಿಸ್ಕೊಂಡು ಬರ್ರಿ, ದೀಪ ಕೊಡ್ತಾರ."

ಫಕ್ಕೀರಪ್ಪ ಕಟ್ಟೆಯ ಮೇಲೆ ಕೂತ. ಆಮೇಲೆ ಹೇಳಿದ.

"ನಮ್ಮಪ್ಪ ಕಣ್ಣು ಕೊಯ್ಸಿಕೊಂಡು ಬಂದು, ಇದ್ದಷ್ಟೂ ಕಳಕೊಂಡ. ಕಡೀತನಕಾ ನಾನ ಕೈ ಹಿಡದು ನಡಿಸೀನಿ. ನನಗೂ ಹಂಗ ಆದ್ರ? ಈಗ ಅರ್ಧಾರ ಕಾಣತೈತಿ. ಈ ಜೀಪು ಬಿಟ್ರ ನನಗ ಏನ ಬರತೈತಿ ಹೇಳು."

ನಾನು ನೀರಿನ ತಂಬಿಗೆ ಅವನ ಮುಂದಿಟ್ಟೆ. ಅವನು ಮತ್ತೆ, "ಅದೂ ಬ್ಯಾಸಗ್ಯಾಗ ಕಣ್ಣು ಕೊಯ್ಸಬಾರದು. ಥಂಡಿ ದಿನದಾಗ ನೋಡೂಣು," ಎಂದ.

"ನಮ್ಮ ಗೋಂದೂ ಥಂಡಿ ದಿನದಾಗ ಒಣಗತೈತಿ," ಎಂದೆ.

ಅವನು ಎದ್ದು ಹೋದ. ಹೋಗುವಾಗ ನಮ್ಮ ಮನೆಯ ಚಹಾ ಕುಡಿಯಲಿಲ್ಲ. ಇಷ್ಟು ವರ್ಷಗಳಲ್ಲಿ ಅದೇ ಮೊದಲು. ನನಗೆ ಬಹಳ ಸಂಕಟವಾಯಿತು. ಅವನ ದೀಪ ಅವನದು, ಇಟ್ಟುಕೊಳ್ಳಲು ನಾನ್ಯಾರು? ದೀಪಗಳನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಎರಡು ಸಲ ತೆಗೆದುಕೊಂಡು ಅವನ ಮನೆಯ ದಾರಿ ಹಿಡಿದು, ಮಸೀದಿಯ ಮೂಲೆಯಿಂದ ತಿರುಗಿ ಬಂದೆ. ಚಹಾದಂಗಡಿಯಲ್ಲಿ ಅವನು, ಇಮಾಮನ ಕೈ ಕೆಟ್ಟಿತು ಎಂದು ಹೇಳುತ್ತಿದ್ದಾನೆಂದು ಸುದ್ದಿ ಬಂತು. ಗಿರಾಕಿಗಳು ಕಡಿಮೆಯಾದರು.

ಅಮಾವಾಸ್ಯೆ ಕಳೆದ ಮೇಲೆ ಒಂದು ಮುಂಜಾನೆ ಬಾಗಿಲಿಗೆ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಕೈಯಲ್ಲಿ ಚೀಲ.

"ಹುಬ್ಬಳ್ಳಿಗೆ ಹೋಗೂಣು ನಡಿ," ಎಂದ. "ಕಣ್ಣು ಹ್ವಾದ್ರ ನೀ ಕೈ ಹಿಡದು ನಡಸಬೇಕು. ಈಗ ಹೇಳೀನಿ."

"ನಡಸ್ತೀನಿ," ಎಂದೆ. ಆಣೆ ಮಾಡಿದಷ್ಟೇ ನಿಜವಾಗಿ ಹೇಳಿದೆ.

ಬಸ್ಸಿನಲ್ಲಿ ಹೋದೆವು. ಅವನು ದಾರಿಯುದ್ದಕ್ಕೂ ಡ್ರೈವರನ ಗೇರು ಹಾಕುವ ಪದ್ಧತಿಯನ್ನು ಬೈಯುತ್ತಿದ್ದ. ಆಸ್ಪತ್ರೆಯಲ್ಲಿ ಅಕ್ಷರದ ಹಲಗೆ ತೋರಿಸಿದಾಗ ಮೇಲಿನ ದೊಡ್ಡ ಅಕ್ಷರ ಓದಿದ, ಎರಡನೆಯ ಸಾಲಿಗೆ ಬಂದಾಗ, "ಉಳಿದಿದ್ದೂ ಬರೋಬರಿ ಅದಾವ್ರಿ" ಎಂದ. ಡಾಕ್ಟರು ಅದನ್ನು ಒಪ್ಪಲಿಲ್ಲ. ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ಎರಡು ಸಲವೂ ಅವನು ಒಳಗಿರುವಷ್ಟು ಹೊತ್ತು ನಾನು ಹೊರಗಿನ ಬೆಂಚಿನಲ್ಲಿ ಅವನ ಚಪ್ಪಲಿ ಕಾಯುತ್ತ ಕೂತಿದ್ದೆ. ಇವನಿಗೆ ಏನಾದರೂ ಆದರೆ ನಾನು ಮತ್ತೆ ಸ್ಕ್ರೂಡ್ರೈವರು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಏನೂ ಆಗಲಿಲ್ಲ. ಮಳೆಗಾಲ ಕಾಲಿಡುವ ಹೊತ್ತಿಗೆ ಒಂದು ಸಂಜೆ ಫಕ್ಕೀರಪ್ಪ ಕರಿ ಕನ್ನಡಕ ಹಾಕಿಕೊಂಡು ಜೀಪಿನೊಂದಿಗೆ ಅಂಗಳಕ್ಕೆ ಬಂದ. ಡಾಕ್ಟರು ಗಾಡಿ ನಡೆಸಲು ಒಪ್ಪಿಗೆ ಕೊಟ್ಟಿದ್ದರು. ನಾನು ಕಪಾಟಿನಿಂದ ಎರಡೂ ದೀಪ ತೆಗೆದು ಪಡಸಾಲೆಯಲ್ಲಿ ಅವನ ಮುಂದಿಟ್ಟೆ. ಅವನು ಕನ್ನಡಕ ತೆಗೆದು, ಒಂದೊಂದನ್ನೇ ಎತ್ತಿ ನೋಡಿದ. ಬಲಗಡೆಯದರ ಅಂಚಿನ ಮೇಲೆ ಬೆರಳಾಡಿಸಿದ.

"ಇದನ್ನ ಮಾಡಿದಾವ ಯಾರು?"

"ನಾನ."

"ಎಡಗಡಿದು ನೀ ಮಾಡಿದ್ದು. ಗೋಂದು ದಾರ ಹಿಡದಂಗ ಓಡೇತಿ. ಇದು ಹುಗ್ಗಿ ಚೆಲ್ಲಿದಂಗ ಐತಿ. ಸ್ಕ್ರೂ ನೋಡು, ಸೊಟ್ಟ."

ನನಗೆ ಸ್ವಲ್ಪ ಕೋಪ ಬಂತು. ಇಷ್ಟು ವರ್ಷ ಹೊಗಳಿದವನು ಕಣ್ಣು ಬಂದ ಕೂಡಲೇ ಮಾಡಿದ ಮೊದಲ ಕೆಲಸ ಇದು. ಮಾತು ಬೆಳೆಸಲಿಲ್ಲ. ದೀಪ ಕೂಡಿಸಿ, ಜೀಪನ್ನು ಫರಸಿಗೆ ಹಚ್ಚಿಸಿದೆ. ಸುಣ್ಣ ಬಳಿದ ಮೇಲೆ ನಾನು ಗೆರೆ ಎಳೆದಿರಲಿಲ್ಲ. ಅಂದೂ ಬೇಕೆಂದೇ ಎಳೆಯಲಿಲ್ಲ. ಅವನು ಸೀಟಿನಲ್ಲಿ ಕೂತ. ನಾನು ಗೋಡೆಗೆ ಬೆನ್ನು ಮಾಡಿ ಕೂತು ಕೇಳಿದೆ.

"ಗೆರಿ ಎಲ್ಲೈತಿ ಹೇಳು."

"ಗೆರಿ ಇಲ್ಲಲೇ. ಎಳಿಯೂದು ಮರ್ತೀ ಏನು?"

ನನ್ನ ಕಣ್ಣಲ್ಲಿ ನೀರು ಬಂತು. ಇನ್ನು ಆ ಹೆಣ್ಣಾಳುಗಳು ಕಾಲುವೆಯ ದಾರಿಯಲ್ಲಿ ಸುಖವಾಗಿ ಬರುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು. ಕಣ್ಣೊರೆಸಿಕೊಂಡು ಕೇಳಿದೆ.

"ಮತ್ತೇನ ಕಾಣತೈತಿ?"

"ಸುಣ್ಣ. ಬಲಗಡಿ ಬೆಳಕಿನ ಅಂಚಿಗೆ ಒಂದು ಹಲ್ಲಿ ಐತಿ. ಬಾಲ ಇಲ್ಲ ಅದಕ್ಕ."

ತಿರುಗಿ ನೋಡಿದೆ. ಗೋಡೆಯ ತುಂಬ ಬೆಳಕು, ಬೆಳಕಿನಲ್ಲಿ ಬಿಳಿ ಸುಣ್ಣ. ಹಲ್ಲಿ ಇರಲಿಲ್ಲ. ಹಳೇ ಚಾಳಿ ಹೋಗಿಲ್ಲ, ನನ್ನ ಸಮಾಧಾನಕ್ಕೆ ಇಲ್ಲದ್ದು ಹೇಳುತ್ತಿದ್ದಾನೆ ಎಂದುಕೊಂಡೆ. ಎದ್ದು ಗೋಡೆಯ ಕಡೆ ನಡೆದೆ. ಅರ್ಧ ದಾರಿಯಲ್ಲಿ ನಿಂತು ನೋಡಿದೆ, ಇರಲಿಲ್ಲ. ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಹೋದೆ. ಹಲ್ಲಿ ಇತ್ತು. ಅದಕ್ಕೆ ಬಾಲ ಇರಲಿಲ್ಲ.

ಹಿಂದೆ ಜೀಪಿನ ಬಾಗಿಲು ತೆರೆದ ಸದ್ದಾಯಿತು. ಫಕ್ಕೀರಪ್ಪ ಬಂದು ನನ್ನ ಬಾಜು ನಿಂತ.

"ಇಮಾಮ, ಹಲ್ಲಿ ನಿನಗ ಎಲ್ಲಿಂದ ಕಾಣ್ತು?"

ಅವನು ನನ್ನ ಕೈಯಿಂದ ಸ್ಕ್ರೂಡ್ರೈವರನ್ನು ಮೆಲ್ಲಗೆ ತೆಗೆದುಕೊಂಡು ತನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡ.

"ಗೋಂದು ಒಣಗೂತನಕಾ ಇದು ನನ್ನ ಹತ್ರ ಇರಲಿ," ಎಂದ.

ಅದೇ ಆಸ್ಪತ್ರೆಗೆ, ಅದೇ ಬಸ್ಸಿನಲ್ಲಿ ಹೋದೆವು. ಈ ಸಲ ಚಪ್ಪಲಿ ಕಾದವನು ಅವನು. ಡಾಕ್ಟರು ನನ್ನದು ಪೊರೆಯಲ್ಲ, ಕಣ್ಣಿನ ಹಿಂದಿನ ಪರದೆ ಸಕ್ಕರೆ ಕಾಯಿಲೆಯಿಂದ ಸವೆದಿದೆ ಎಂದರು. ಇದ್ದಷ್ಟನ್ನು ಕಾಯಬಹುದು, ಹೋದದ್ದು ಬರುವುದಿಲ್ಲ. ನಾನು ಕಸುಬು ಬಿಟ್ಟದ್ದು ಹೀಗೆ. ಇದನ್ನು ದೊಡ್ಡ ದೊಡ್ಡ ಅಕ್ಷರಗಳಲ್ಲಿ, ಬಿಸಿಲಿರುವಾಗ ಅಂಗಳದಲ್ಲಿ ಕೂತು ಬರೆಯುತ್ತೇನೆ.

ಸಂಜೆ ಫಕ್ಕೀರಪ್ಪ ಹೆಣ್ಣಾಳುಗಳನ್ನು ಇಳಿಸಿ ಚಹಾಕ್ಕೆ ಬರುತ್ತಾನೆ. ಸ್ಕ್ರೂಡ್ರೈವರು ಅವನ ಜೀಪಿನಲ್ಲೇ ಇದೆ. ಆಗಾಗ ಕೇಳುತ್ತೇನೆ. ಅವನು ಬೆವರು ಒರೆಸಿಕೊಳ್ಳುತ್ತ, "ಹವಾ ಥಂಡಿ ಐತಿ" ಎನ್ನುತ್ತಾನೆ.